ಪೆನ್ಸಿಲ್ ಮಾರ್ಕಿನ ವಾರ

ಇಂಟರ್‌ವ್ಯೂ ಮುಗಿಸಿ ಹೊರಗೆ ಬಂದವರಿಗೆ ಸರಿಯಾದ ಉತ್ತರ ಹೊಳೆಯುವುದು ಮೆಟ್ಟಿಲಿಳಿಯುವಾಗ. ಒಳಗೆ ಕೂತಿದ್ದಷ್ಟು ಹೊತ್ತು ನಾಲಿಗೆ ಒಣಗಿರುತ್ತದೆ, ತಲೆ ಖಾಲಿಯಾಗಿರುತ್ತದೆ. ಹೊರಗೆ ಗಾಳಿ ತಾಗಿದ ಕೂಡಲೇ ಎಲ್ಲವೂ ನೆನಪಾಗುತ್ತದೆ. ಕೆಲವರು ಬಸ್ ಸ್ಟಾಪಿನಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಾರೆ. ಕೆಲವರು ಮನೆಗೆ ಹೋಗಿ, ತಮ್ಮನ್ನು ಇಂಟರ್‌ವ್ಯೂ ಮಾಡಿದವರಿಗೆ ಒಂದು ಪತ್ರ ಬರೆಯುತ್ತಾರೆ. ಆ ಪತ್ರಗಳನ್ನು ಓದುವುದು ನನ್ನ ಉದ್ಯೋಗವಾಗಿತ್ತು. ಜನರನ್ನು ಕೆಲಸಕ್ಕೆ ಆರಿಸುವ ವಿಭಾಗದಲ್ಲಿ, ಮೊದಲು ಕೊಚ್ಚಿಯಲ್ಲಿ, ಆಮೇಲೆ ತಿರುವನಂತಪುರದಲ್ಲಿ, ತಲೆ ನರೆಯುವ ತನಕ ದುಡಿದೆ. ನನ್ನ ಹುದ್ದೆ ಯಾವಾಗ ಏರಿತು, ಸಂಬಳ ಎಷ್ಟಾಯಿತು ಎನ್ನುವುದರಲ್ಲಿ ಯಾರಿಗೂ ಸ್ವಾರಸ್ಯವಿಲ್ಲ, ನನಗೂ ಇಲ್ಲ. ಪತ್ರಗಳ ವಿಷಯ ಮಾತ್ರ ಹೇಳಬೇಕೆನಿಸುತ್ತದೆ.

ಈಗ ತಿರುವನಂತಪುರದ ಶ್ರೀಕಾರ್ಯಂನಲ್ಲಿ ನನ್ನ ಮನೆ. ಐಟಿ ಪಾರ್ಕಿನ ಕಂಪನಿಗಳಲ್ಲಿ ಎಚ್‌ಆರ್ ವಿಭಾಗ ಸೇರಿರುವ ಕನ್ನಡದ ಹುಡುಗ ಹುಡುಗಿಯರು ಭಾನುವಾರ ನೀರುದೋಸೆಯ ಆಸೆಗೆ ಬರುತ್ತಾರೆ. ನಾನು ಕಾಸರಗೋಡಿನವಳು, ಅವರು ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು. ಮೊನ್ನೆ ಮೈಸೂರಿನವನೊಬ್ಬ ದೋಸೆ ಮಡಚುತ್ತ, "ಇಂಟರ್‌ವ್ಯೂ ಆದ್ಮೇಲೆ ಬರೋ ಮೇಲ್‌ಗಳನ್ನೆಲ್ಲ ಯಾರು ಓದ್ತಾರೆ ಆಂಟಿ? ಒಂದು ಫೋಲ್ಡರ್ ಮಾಡಿಟ್ಟಿದೀವಿ, ತಾನಾಗೇ ಅಲ್ಲಿಗೆ ಹೋಗ್ತವೆ" ಅಂದ. ದೋಸೆ ಹಾಕಬಾರದಿತ್ತು ಅನ್ನಿಸಿತು. ಅವನಿಗೆ ಅಲ್ಲಿಯೇ ಒಂದಿಷ್ಟು ಬೈದೆ, ಮನಸ್ಸು ತಣಿಯಲಿಲ್ಲ. ಆ ಫೋಲ್ಡರನ್ನು ತೆರೆದು ನೋಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ಫೋರ್ಟ್ ಕೊಚ್ಚಿಯ ಒಂದು ಹೋಟೆಲಿನಲ್ಲಿ. ಹಳೆಯ ಗೋದಾಮನ್ನು ಹೋಟೆಲ್ ಮಾಡಿದ್ದರು. ಮುಂದೆ ವಿದೇಶಿಯರಿಗೆ ಕೋಣೆಗಳು, ಹಿಂದೆ ಒಣಮೆಣಸಿನ ಘಾಟು ಇನ್ನೂ ಹೋಗಿರದ ಒಂದು ಕೊಠಡಿಯಲ್ಲಿ ನಮ್ಮ ಆಫೀಸು. ಅಲ್ಲಿ ನನ್ನ ಮೇಲಧಿಕಾರಿ ಕುರಿಯನ್ ಸಾರ್. ದಪ್ಪ ಮೀಸೆ, ಸಣ್ಣ ದನಿ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್. ಇಂಟರ್‌ವ್ಯೂ ದಿನ ನಮಗೆಲ್ಲ ಒಂದೊಂದು ಪೆನ್ಸಿಲ್ ಹಂಚುತ್ತಿದ್ದರು. ಪೆನ್ ತೆಗೆದರೆ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಬಂದವರಿಗೆಲ್ಲ ಪೆನ್ಸಿಲಿನಲ್ಲಿ ಮಾರ್ಕು ಹಾಕಿ, ಹಾಳೆಗಳನ್ನು ಕಟ್ಟಿ ಡ್ರಾಯರಿನಲ್ಲಿಡಬೇಕು. ಒಂದು ವಾರ ಅವು ಹಾಗೆಯೇ ಇರುತ್ತಿದ್ದವು. ಆ ವಾರದಲ್ಲಿ ಬಂದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಓದಿ, ಬೇಕಾದಲ್ಲಿ ರಬ್ಬರಿನಿಂದ ಒರೆಸಿ, ಕೊನೆಗೆ ಮಾರ್ಕಿನ ಮೇಲೆ ಶಾಯಿ ಹಾಕುವುದು. ಹೋಟೆಲಿನವರು ಇದನ್ನು "ಕುರಿಯನ್ನನ ಪೆನ್ಸಿಲ್ ವಾರ" ಎಂದು ಆಡಿಕೊಳ್ಳುತ್ತಿದ್ದರು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ.

"ನಾನು ಸಣ್ಣವನಿದ್ದಾಗ ಎರ್ನಾಕುಲಂನಲ್ಲಿ ಒಂದು ಇಂಟರ್‌ವ್ಯೂಗೆ ಹೋಗಿದ್ದೆ ಶಶಿ," ಅಂದರು. ನನ್ನ ಹೆಸರು ಶಶಿಕಲಾ, ಅವರಿಗೆ ಶಶಿ. "ಒಂದು ಪ್ರಶ್ನೆಗೆ ಬಾಯೇ ಬರಲಿಲ್ಲ. ವಾಪಸ್ ಬರೋವಾಗ ಬೋಟ್ ಜೆಟ್ಟಿ ಬಿಟ್ಟಮೇಲೆ ಉತ್ತರ ನೆನಪಾಯ್ತು. ನೀರಿಗೆ ಹಾರಿ ಈಜಿಕೊಂಡು ಹೋಗೋಣ ಅನ್ನಿಸ್ತು. ನಾವು ಕೆಲಸಕ್ಕೆ ತಗೊಳ್ಳೋದು ಆ ಅರ್ಧ ಗಂಟೆಯ ಮನುಷ್ಯನನ್ನಲ್ಲ. ಬೋಟಿನಲ್ಲಿ ಕೂತು ಯೋಚನೆ ಮಾಡ್ತಾನಲ್ಲ, ಅವನನ್ನ."

ಅಂಚೆಯಲ್ಲಿ ಬರುತ್ತಿದ್ದ ಪತ್ರಗಳಲ್ಲಿ ಹೊಗಳಿಕೆಯದ್ದೇ ಹೆಚ್ಚು. ತಮ್ಮ ಘನ ಸಂಸ್ಥೆ, ತಮ್ಮ ದಿವ್ಯ ಸನ್ನಿಧಾನ ಎನ್ನುವ ಧಾಟಿ. ಕುರಿಯನ್ ಸಾರ್ ಅವನ್ನು ಮೊದಲ ಸಾಲಿಗೇ ಬದಿಗಿಡುತ್ತಿದ್ದರು. ಯಾವುದೋ ದೊಡ್ಡ ಮನುಷ್ಯರ ಶಿಫಾರಸನ್ನು ಲಗತ್ತಿಸಿದವನ್ನು ಓದುತ್ತಲೇ ಇರಲಿಲ್ಲ. ಅವರು ಹುಡುಕುತ್ತಿದ್ದದ್ದು, ಇಂಟರ್‌ವ್ಯೂನಲ್ಲಿ ಆಡಿದ ಒಂದು ಮಾತಿಗೆ ಮತ್ತೆ ಮರಳಿದ ಪತ್ರಗಳನ್ನು. ರಿಸೆಪ್ಷನ್ ಕೆಲಸಕ್ಕೆ ಬಂದಿದ್ದ ಹುಡುಗಿಯೊಬ್ಬಳಿಗೆ, ಕೋಪಗೊಂಡ ಅತಿಥಿಯನ್ನು ಏನು ಮಾಡುತ್ತೀ ಎಂದು ಕೇಳಿದ್ದೆವು. ಕ್ಷಮೆ ಕೇಳುತ್ತೇನೆ ಎಂದು ಗಿಳಿಪಾಠ ಒಪ್ಪಿಸಿ ಹೋಗಿದ್ದಳು. ಆಮೇಲೆ ಬರೆದಳು: "ಕ್ಷಮೆ ಕೇಳುತ್ತೇನೆ ಎಂದೆ. ಮನೆಗೆ ಬಂದು ಯೋಚಿಸಿದೆ. ನನ್ನ ಅಪ್ಪನಿಗೆ ಕೋಪ ಬಂದಾಗ ಯಾರಾದರೂ ಕ್ಷಮೆ ಕೇಳಿದರೆ ಕೋಪ ಇನ್ನೂ ಏರುತ್ತದೆ. ಅತಿಥಿಯನ್ನು ಕುಳ್ಳಿರಿಸಿ ನೀರು ಕೊಟ್ಟು, ಪೂರ್ತಿ ಹೇಳುವವರೆಗೆ ಸುಮ್ಮನಿರುತ್ತೇನೆ." ಕುರಿಯನ್ ಸಾರ್ ರಬ್ಬರ್ ಕೇಳಿದರು. ಆಕೆ ಆಮೇಲೆ ಎಷ್ಟೋ ವರ್ಷ ನಮ್ಮ ಮುಂದಿನ ಮೇಜಿನಲ್ಲಿ ಕೂತಳು, ಅವಳಿದ್ದ ದಿನ ಜಗಳಗಳು ಆಫೀಸಿನ ತನಕ ಬರುತ್ತಿರಲಿಲ್ಲ.

ನಗು ಬರಿಸಿದ್ದೂ ಉಂಟು. ಒಬ್ಬಾತ ಬರೆದ ಪತ್ರದಲ್ಲಿ ನಮ್ಮ ಈಜುಕೊಳವನ್ನು ಬಾಯ್ತುಂಬ ಹೊಗಳಿದ್ದ. ನಮಗೆ ಈಜುಕೊಳವೇ ಇರಲಿಲ್ಲ. ಈಜುಕೊಳ ಇದ್ದದ್ದು ಅದೇ ಬೀದಿಯ ಇನ್ನೊಂದು ಹೋಟೆಲಿಗೆ. ಎರಡೂ ಕಡೆ ಇಂಟರ್‌ವ್ಯೂ ಕೊಟ್ಟು, ಎರಡು ಪತ್ರ ಬರೆದು, ಲಕೋಟೆ ಅದಲು ಬದಲು ಮಾಡಿದ್ದ.

"ಹಾಗಾದ್ರೆ ನಮ್ಮದು ಅಲ್ಲಿರಬೇಕು," ಅಂದರು ಕುರಿಯನ್ ಸಾರ್. "ಹೋಗಿ ತಗೊಂಬಾ."

ನಾನು ಆ ಪತ್ರ ಹಿಡಿದು ಬೀದಿ ದಾಟಿದೆ. ಅಲ್ಲಿನವರೂ ನಮ್ಮ ಪತ್ರವನ್ನು ಹಿಡಿದು ನಗುತ್ತಿದ್ದರು. ಬದಲಾಯಿಸಿಕೊಂಡೆವು, ಚಹಾ ಕೊಟ್ಟರು, ಕುಡಿದು ಬಂದೆ. ನಮಗೆ ಬರೆದದ್ದರಲ್ಲಿ ಹುರುಳಿರಲಿಲ್ಲ, ಅವರಿಗೆ ಬರೆದದ್ದರಲ್ಲಿ ಇತ್ತಂತೆ. ಆತ ಅಲ್ಲಿಯೇ ಸೇರಿಕೊಂಡ. ಎದುರಾದಾಗಲೆಲ್ಲ ನನ್ನನ್ನು ಕಂಡು ಇನ್ನೊಂದು ಬದಿಯಿಂದ ನಡೆದು ಹೋಗುತ್ತಿದ್ದ.

ಇನ್ನೊಮ್ಮೆ ಪತ್ರದ ಜೊತೆ ಕೋಝಿಕ್ಕೋಡ್ ಹಲ್ವದ ಪೊಟ್ಟಣ ಬಂತು. ಯಾರದೋ ಹುಟ್ಟುಹಬ್ಬದ್ದು ಅಂದುಕೊಂಡು ಆಫೀಸಿನವರೆಲ್ಲ ಸೇರಿ ಮುಗಿಸಿದ ಮೇಲೆ ಅಡಿಯಲ್ಲಿದ್ದ ಪತ್ರ ಕಂಡಿತು. ಕುರಿಯನ್ ಸಾರ್ ಮುಖ ಕೆಂಪಾಯಿತು. ಅಷ್ಟೇ ತೂಕದ ಹಲ್ವ ತರಿಸಿ, ವಾಪಸ್ ಕಳಿಸಿ, ಜೊತೆಗೆ ನಮ್ಮೆಲ್ಲರ ಸಹಿ ಹಾಕಿದ ಕ್ಷಮಾಪಣೆಯನ್ನೂ ಕಳಿಸಿದರು. ಆ ಹೋಟೆಲಿನಿಂದ ಅರ್ಜಿದಾರರಿಗೆ ಕ್ಷಮೆ ಕೇಳಿ ಪತ್ರ ಹೋದದ್ದು ಅದೊಂದೇ ಸಲ.

ಈಗ ಅಳುವ ಪತ್ರಗಳ ವಿಷಯ. ಮನೆಯಲ್ಲಿ ಕಾಯಿಲೆ, ತಂಗಿಯ ಮದುವೆ, ಸೂರಿಲ್ಲ, ಹೀಗೆ. ಸುಳ್ಳಲ್ಲ ಅವು, ಬಹುಪಾಲು ನಿಜವೇ. ಕುರಿಯನ್ ಸಾರ್ ಅವನ್ನು ಎಲ್ಲಕ್ಕಿಂತ ನಿಧಾನವಾಗಿ ಓದುತ್ತಿದ್ದರು, ಆದರೆ ರಬ್ಬರ್ ಮುಟ್ಟುತ್ತಿರಲಿಲ್ಲ. ಕಲ್ಲುಮನಸ್ಸಿನವರು ಅಂದುಕೊಂಡಿದ್ದೆ. ರಾಜನ್ ಬರುವ ತನಕ.

ರಾಜನ್ ಅಡುಗೆಮನೆಯ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದವನು. ಇಂಟರ್‌ವ್ಯೂ ಪರವಾಗಿಲ್ಲ ಎನ್ನುವ ಹಾಗಿತ್ತು. ಆಮೇಲೆ ಬರೆದ ಪತ್ರದಲ್ಲಿ ಮನೆಯ ಕಷ್ಟವನ್ನೆಲ್ಲ ತೋಡಿಕೊಂಡಿದ್ದ. ಆ ಪತ್ರ ಹೋಟೆಲಿನ ಮಾಲೀಕರ ಕಣ್ಣಿಗೆ ಬಿತ್ತು. ಅವರು ಕಣ್ಣೊರೆಸಿಕೊಂಡು, ಸಾರ್ ಬೇಡವೆಂದರೂ ಕೇಳದೆ, ಅವನನ್ನು ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆವು. ಅವನು ಬರುವ ಮೊದಲೇ ಅವನ ಕತೆ ಅಡುಗೆಮನೆ ಮುಟ್ಟಿತ್ತು. ಮಲಯಾಳಂನಲ್ಲಿ 'ಪಾವಂ' ಎನ್ನುತ್ತಾರೆ, ನಮ್ಮ 'ಪಾಪ' ಇದ್ದ ಹಾಗೆ. ಅವನು ಹೆಚ್ಚು ಮೂಟೆ ಎತ್ತಿದರೆ ಪಾವಂ, ತಪ್ಪು ಎಣಿಸಿದರೆ ಪಾವಂ, ಚೆನ್ನಾಗಿ ಮಾಡಿದರೂ ಪಾವಂ. ಯಾರೂ ಅವನಿಗೆ ಬೈಯಲಿಲ್ಲ, ಯಾರೂ ಅವನೊಡನೆ ತಮಾಷೆ ಮಾಡಲಿಲ್ಲ. ಒಂದು ಮಧ್ಯಾಹ್ನ ನಮ್ಮ ಆಫೀಸಿಗೆ ಬಂದು ರಾಜೀನಾಮೆ ಇಟ್ಟ.

"ಕೆಲಸ ಕಷ್ಟವಾ?" ಎಂದರು ಕುರಿಯನ್ ಸಾರ್.

"ಇಲ್ಲ ಸಾರ್. ನಾನು ಇಲ್ಲಿ ಕೆಲಸದವನಲ್ಲ, ಪಾವಂ. ಹಾಗೆ ದಿನಾ ಬರೋಕೆ ಆಗಲ್ಲ."

ಅವನು ಹೋದ ಮೇಲೆ ಸಾರ್ ಆ ರಾಜೀನಾಮೆಯನ್ನು ಮಡಚಿ ಡ್ರಾಯರಿನಲ್ಲಿಟ್ಟರು. "ಕಣ್ಣೀರಿಗೆ ಮಾರ್ಕ್ ಕೊಟ್ರೆ ಆ ಮನುಷ್ಯ ತಲೆ ಎತ್ತಿ ಓಡಾಡೋ ಹಾಗಿಲ್ಲ ಶಶಿ" ಅಂದರು. ನಾನು ಅವರನ್ನು ಕಲ್ಲುಮನಸ್ಸಿನವರು ಎಂದು ಎಣಿಸುವುದನ್ನು ಅಂದಿಗೆ ಬಿಟ್ಟೆ.

ಕುರಿಯನ್ ಸಾರ್ ನಿವೃತ್ತರಾದ ಮೇಲೆ ಆ ಹೋಟೆಲಿನಲ್ಲಿ ಪೆನ್ಸಿಲ್ ಹಂಚುವವರಿರಲಿಲ್ಲ. ನಾನು ತಿರುವನಂತಪುರಕ್ಕೆ ಬಂದು ಐಟಿ ಪಾರ್ಕಿನ ಒಂದು ಕಂಪನಿ ಸೇರಿದೆ. ಸಣ್ಣಪುಟ್ಟ ಆಸ್ಪತ್ರೆಗಳ ಕೌಂಟರಿನಲ್ಲಿ ಚೀಟಿ ಬರೆಯುವುದು, ಡಾಕ್ಟರ ಸಮಯ ಕೊಡುವುದು ಇತ್ಯಾದಿಗೆ ಬೇಕಾದ ತಂತ್ರಾಂಶವನ್ನು ಮಾಡುವ ಕಂಪನಿ. ಅಲ್ಲಿ ಪೆನ್ಸಿಲೂ ಇಲ್ಲ, ಹಾಳೆಯೂ ಇಲ್ಲ. ಕಂಪ್ಯೂಟರಿನಲ್ಲಿ ಮಾರ್ಕು ಒತ್ತಿದರೆ ಮುಗಿಯಿತು, ಬೀಗ ಬಿದ್ದ ಹಾಗೆ. ನನ್ನ ಮೇಲಧಿಕಾರಿ ದೀಪಕ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನನ್ನನ್ನು ಚೇಚಿ ಎನ್ನುತ್ತಿದ್ದ, ಅಂದರೆ ಅಕ್ಕ. ಚೇಚಿಯ ಮಾತನ್ನು ಮಾತ್ರ ಸುಲಭಕ್ಕೆ ಕೇಳುತ್ತಿರಲಿಲ್ಲ.

"ಚೇಚಿ, ಒಂದು ವಾರ ಕಾದರೆ ಒಳ್ಳೆಯವರು ಬೇರೆ ಕಡೆ ಹೋಗ್ತಾರೆ," ಅಂದ.

"ಅವಸರ ಮಾಡಿದ್ರೆ ಒಳ್ಳೆಯವರು ಯಾರು ಅಂತಲೇ ಗೊತ್ತಾಗೋದಿಲ್ಲ," ಅಂದೆ.

ಹಗ್ಗಜಗ್ಗಾಟ ನಡೆದು ಒಂದು ಒಪ್ಪಂದವಾಯಿತು. ಇಂಟರ್‌ವ್ಯೂ ಕೊನೆಗೆ ಎಲ್ಲರಿಗೂ ಒಂದೇ ಮಾತು ಹೇಳುವುದು: "ಇಲ್ಲಿ ಹೇಳದೆ ಉಳಿದದ್ದು ಏನಾದರೂ ಇದ್ದರೆ ಶುಕ್ರವಾರದ ಒಳಗೆ ಬರೆಯಿರಿ." ಅಲ್ಲಿಯ ತನಕ ಮಾರ್ಕಿಗೆ ಬೀಗ ಹಾಕುವುದಿಲ್ಲ. ಶುಕ್ರವಾರ ಮಧ್ಯಾಹ್ನ ಇಂಟರ್‌ವ್ಯೂ ಮಾಡಿದವರೆಲ್ಲ ಚಹಾ ಕುಡಿಯುತ್ತ ಕೂರುವುದು, ನಾನು ಬಂದ ಪತ್ರಗಳನ್ನು ಗಟ್ಟಿಯಾಗಿ ಓದುವುದು. ಬರೆದವರ ಹೆಸರನ್ನು ಮಾತ್ರ ಓದಕೂಡದು. ಕೊನೆಯದು ದೀಪಕ್ ಹಾಕಿದ ಷರತ್ತು. ಒಳ್ಳೆಯ ಷರತ್ತೇ ಎಂದು ಆಮೇಲೆ ನನಗೂ ಅನ್ನಿಸಿತು.

ಓದುವುದಕ್ಕೆ ಏನೂ ಇರದ ಶುಕ್ರವಾರಗಳೂ ಬಂದವು. ಇಂಟರ್‌ನೆಟ್‌ನಲ್ಲಿ ಸಿದ್ಧ ಪತ್ರಗಳು ಸಿಗತೊಡಗಿದ ಮೇಲೆ ಎಲ್ಲರೂ ಒಂದೇ ಪತ್ರ ಬರೆಯತೊಡಗಿದರು. ಒಂದು ಶುಕ್ರವಾರ ನಾನು ಮೊದಲ ಸಾಲು ಓದುತ್ತಲೇ ಎರಡನೆಯ ಸಾಲನ್ನು ಉಳಿದವರು ಬಾಯಿಪಾಠವಾಗಿ ಹೇಳಿದರು. ನಾನು ಕೆಲಸ ಬಿಡುವ ಹೊತ್ತಿಗೆ ಯಂತ್ರವೇ ಪತ್ರ ಬರೆದು ಕೊಡುವ ಕಾಲ ಬಂದಿತ್ತು. ವ್ಯಾಕರಣ ಶುದ್ಧ, ವಿನಯ ಅಳೆದು ಸುರಿದದ್ದು, ಒಳಗೆ ಮನುಷ್ಯ ಇಲ್ಲ. ಅಂಥ ಪತ್ರ ಕಳಿಸಿದವರಿಗೆಲ್ಲ ನಾನು ಒಂದೇ ಉತ್ತರ ಕಳಿಸುತ್ತಿದ್ದೆ: ತಲುಪಿತು, ಧನ್ಯವಾದ, ಹೇಳದೆ ಉಳಿದದ್ದು ಏನಾದರೂ ಇದ್ದರೆ ಇನ್ನೂ ಬರೆಯಬಹುದು. ಹೆಚ್ಚಿನವರು ಅದಕ್ಕೂ ಒಂದು ಸಿದ್ಧ ಧನ್ಯವಾದ ಕಳಿಸಿ ಸುಮ್ಮನಾಗುತ್ತಿದ್ದರು.

ಐರಿನ್ ಬಂದದ್ದು ಆ ಕಾಲದಲ್ಲಿ. ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ ನನಗೆ.

ಮಂಜೇಶ್ವರದ ಕಡೆಯ ಹುಡುಗಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ. ನಮ್ಮ ಕಾಸರಗೋಡಿನ ಮಕ್ಕಳೆಲ್ಲ ಹೀಗೆಯೇ ಬೆಳೆಯುವುದು. ಆಸ್ಪತ್ರೆಗಳ ಕೌಂಟರಿನವರಿಗೆ ನಮ್ಮ ತಂತ್ರಾಂಶವನ್ನು ಕಲಿಸುವ, ಅವರು ಫೋನ್ ಮಾಡಿದಾಗ ತೊಡಕು ಬಿಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅರ್ಜಿಯಲ್ಲಿ ಒಂದು ಮಾತನ್ನು ಒತ್ತಿ ಬರೆದಿದ್ದಳು: ತಿರುವನಂತಪುರದಲ್ಲಿ ಮಾತ್ರ. ಬೆಂಗಳೂರಿನಲ್ಲಿ ಒಂದು ಕೆಲಸ ಸಿಕ್ಕಿದ್ದನ್ನು ಬಿಟ್ಟಿದ್ದಳಂತೆ.

"ಬೆಂಗಳೂರು ಬಿಟ್ಟು ಇಲ್ಲಿಯೇ ಯಾಕೆ?" ಎಂದು ದೀಪಕ್ ಕೇಳಿದ.

"ಇಲ್ಲಿಯೇ ಇರಬೇಕು ಸರ್," ಅಂದಳು. ಅಷ್ಟೇ. ಈ ಕೆಲಸ ಸಿಗದಿದ್ದರೆ ಈ ಊರಿನಲ್ಲಿ ಬಾಡಿಗೆಮನೆ ಮುಂದುವರಿಸುವುದು ಕಷ್ಟ ಎನ್ನುವಷ್ಟನ್ನು ಮಾತ್ರ, ಅದೂ ಕೆದಕಿ ಕೇಳಿದ್ದಕ್ಕೆ, ಹೇಳಿದಳು. ಕಾರಣ ನಮಗೆ ಗೊತ್ತಾಗಲಿಲ್ಲ. ಯಾರೋ ಹುಡುಗ ಇರಬೇಕು ಎನ್ನುವ ಹಾಗೆ ದೀಪಕ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಫೋನಿನ ತಂಡದ ಮುಖ್ಯಸ್ಥೆ ಬಿಂದು. ಕೆಲಸದಲ್ಲಿ ಗಟ್ಟಿಗಿತ್ತಿ, ಮಾತು ನೇರ. "ಮಲಯಾಳಂ ಹೇಗೆ?" ಎಂದು ಕೇಳಿದಳು.

"ಸ್ವಲ್ಪ ಬರ್ತದೆ," ಅಂದಳು ಐರಿನ್ ಇಂಗ್ಲಿಷಿನಲ್ಲಿ.

ಅಲ್ಲಿಗೆ ಬಿಂದು ಪೆನ್ನಿನ ಮುಚ್ಚಳ ಹಾಕಿದಳು. ಕೌಂಟರಿನವರು ಇಂಗ್ಲಿಷಿನಲ್ಲಿ ಫೋನ್ ಮಾಡುವುದಿಲ್ಲ. ಮಲಯಾಳಂ ಸ್ವಲ್ಪ ಬರುವವರಿಂದ ಅವಳಿಗೆ ಏನೂ ಪ್ರಯೋಜನವಿರಲಿಲ್ಲ. ಐರಿನ್ನಿಗೆ ಕೊಟ್ಟ ಮಾರ್ಕು ಎಲ್ಲರಿಗಿಂತ ಕೆಳಗೆ ಹೋಯಿತು. ತಪ್ಪು ಬಿಂದುವಿನದಲ್ಲ.

ಆ 'ಸ್ವಲ್ಪ' ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾವು ಕಾಸರಗೋಡಿನವರು ಆಡುವ ಮಲಯಾಳಂ ಬೇರೆ ಧಾಟಿಯದು. ಅದನ್ನು ತೆಗೆದುಕೊಂಡು ತಿರುವನಂತಪುರಕ್ಕೆ ಬಂದರೆ ಅಂಗಡಿಯವನೂ ನಗುತ್ತಾನೆ, ಆಟೋದವನೂ ನಗುತ್ತಾನೆ. ಕೆಟ್ಟ ಮನಸ್ಸಿನಿಂದಲ್ಲ, ಕೇಳಲು ಮಜವಾಗಿರುತ್ತದೆ ಅವರಿಗೆ. ಒಂದೆರಡು ಸಲ ನಗಿಸಿಕೊಂಡ ಮೇಲೆ ನಾವು ಜಾಣರಾಗುತ್ತೇವೆ. ಮಲಯಾಳಂ ಬರುತ್ತದಾ ಎಂದು ಯಾರಾದರೂ ಕೇಳಿದರೆ ಸ್ವಲ್ಪ ಎಂದುಬಿಡುತ್ತೇವೆ. ಚಿಕ್ಕಂದಿನಿಂದ ಆಡಿದ ಭಾಷೆಯನ್ನು ಸ್ವಲ್ಪ ಎನ್ನುವವರು ನಾವಲ್ಲದೆ ಬೇರೆ ಯಾರೂ ಇರಲಿಕ್ಕಿಲ್ಲ. ನಾನೂ ಬಂದ ಹೊಸತರಲ್ಲಿ ಹಾಗೆಯೇ ಹೇಳುತ್ತಿದ್ದೆ.

ಬಾಯಿ ತೆರೆಯಬೇಕೆಂದಿದ್ದೆ. ಅಷ್ಟರಲ್ಲಿ ದೀಪಕ್ ನಗುತ್ತ, "ಚೇಚಿ, ನಿಮ್ಮ ಊರಿನವಳಲ್ಲವಾ?" ಅಂದ. ಇನ್ನು ನಾನು ಏನು ಹೇಳಿದರೂ ಅದು ಊರಿನ ಹುಡುಗಿಯ ಪರ ವಕಾಲತ್ತು. ಅದರಿಂದ ಕೆಲಸ ಸಿಕ್ಕರೂ ಅವಳು ಶಶಿಕಲಾ ಚೇಚಿಯ ಕಡೆಯವಳು ಎಂದೇ ಉಳಿಯುತ್ತಾಳೆ. ಅವಳಿಗೆ ಫೋನ್ ಮಾಡಿ ಹೀಗೆ ಬರೆ ಎಂದು ಹೇಳಿಕೊಡುವುದೂ ಸಲ್ಲದು. ಉಳಿದವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಅವಳೇ ಹೇಳಬೇಕು. ಕೊನೆಯಲ್ಲಿ ಎಲ್ಲರಿಗೂ ಹೇಳುವ ಮಾತನ್ನು ಅವಳಿಗೂ ಹೇಳಿದೆ. ಬಹುಶಃ ಸ್ವಲ್ಪ ನಿಧಾನವಾಗಿ ಹೇಳಿದೆನೋ ಏನೋ.

ಮಾರನೆಯ ದಿನವೇ ಅವಳ ಪತ್ರ ಬಂತು. ಆಸೆಯಿಂದ ತೆರೆದೆ. ತಮ್ಮ ಪ್ರತಿಷ್ಠಿತ ಸಂಸ್ಥೆ, ತಮ್ಮ ಅಮೂಲ್ಯ ಸಮಯ, ನನ್ನ ಕೌಶಲಗಳು. ಯಂತ್ರ ಬರೆದ ಅದೇ ಪತ್ರ. ಕುರ್ಚಿಗೆ ಒರಗಿ ಕೂತುಬಿಟ್ಟೆ. ಸಿಟ್ಟೂ ಬಂತು, ಅಳುವೂ ಬಂತು. ಎಲ್ಲರಿಗೂ ಕಳಿಸುವ ಉತ್ತರವನ್ನೇ ಕಳಿಸಿದೆ, ಒಂದು ಅಕ್ಷರ ಹೆಚ್ಚು ಸೇರಿಸಲಿಲ್ಲ. ಸೇರಿಸಬೇಕೆಂದು ಬೆರಳು ತುಡಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಎರಡನೆಯ ಪತ್ರ ಬಂತು. ಮಧ್ಯಾಹ್ನ ಚಹಾ ಬಂದ ಮೇಲೆ, ಉಳಿದವರ ಪತ್ರಗಳ ನಡುವೆ ಅದನ್ನೂ ಓದಿದೆ. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಮಲಯಾಳಂ ಬರುತ್ತದೆಯೇ ಎಂದು ಕೇಳಿದಿರಿ. ಸ್ವಲ್ಪ ಎಂದೆ. ಅದು ಸರಿಯಾದ ಉತ್ತರವಲ್ಲ. ಚೆನ್ನಾಗಿ ಬರುತ್ತದೆ, ಆದರೆ ನನ್ನದು ಉತ್ತರದ ಮಲಯಾಳಂ. ಇಲ್ಲಿ ಆಡಿದರೆ ನಗುತ್ತಾರೆ, ಅದಕ್ಕೆ ಸ್ವಲ್ಪ ಎಂದು ಹೇಳಿ ಅಭ್ಯಾಸವಾಗಿದೆ. ನಮ್ಮ ಜಿಲ್ಲೆಯಿಂದ ಬಹಳ ಜನ ಚಿಕಿತ್ಸೆಗೆ ರೈಲು ಹತ್ತಿ ಈ ಊರಿಗೆ ಬರುತ್ತಾರೆ. ಕೆಲವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ನಾನು ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಅವರ ಜೊತೆ ಸಾಲಿನಲ್ಲಿ ನಿಂತು, ಅವರ ಮಾತನ್ನು ಕೌಂಟರಿಗೂ ಕೌಂಟರಿನ ಮಾತನ್ನು ಅವರಿಗೂ ಮುಟ್ಟಿಸುತ್ತೇನೆ. ನಿಮ್ಮ ತಂತ್ರಾಂಶವನ್ನು ಕಲಿಸಬೇಕಾದದ್ದು ಕೌಂಟರಿನ ಆಚೆ ಕೂತವರಿಗೆ. ಅವರಿಗೆ ಯಾವಾಗ ತಲೆ ಕೆಡುತ್ತದೆ, ಯಾವ ಮಾತಿಗೆ ಸಮಾಧಾನವಾಗುತ್ತಾರೆ ಎಂದು ಈಚೆ ನಿಂತು ನೋಡಿದ್ದೇನೆ. ಅವರೂ ಮೊದಲು ನನ್ನ ಮಾತಿಗೆ ನಗುತ್ತಾರೆ. ನಕ್ಕ ಮೇಲೆ ಅವರಿಗೆ ಸಿಟ್ಟು ಉಳಿಯುವುದಿಲ್ಲ. ನಂಬಿಕೆ ಬಾರದಿದ್ದರೆ ಯಾರ ಜೊತೆಗಾದರೂ ಫೋನಿನಲ್ಲಿ ಮಾತಾಡಿಸಿ ನೋಡಿ."

ಅಷ್ಟೇ. ಬೇಡಿಕೆ ಇಲ್ಲ, ಹೊಗಳಿಕೆ ಇಲ್ಲ, ಕೊನೆಯಲ್ಲಿ ವಂದನೆ ಮಾತ್ರ. ನಾನು ಹಾಳೆ ಕೆಳಗಿಟ್ಟು ಚಹಾದ ಲೋಟ ಎತ್ತಿಕೊಂಡೆ, ನನ್ನ ಮುಖ ಯಾರಿಗೂ ಕಾಣದಿರಲಿ ಎಂದು.

"ಸ್ವಲ್ಪ ಅಂದವಳಾ ಇವಳು?" ಅಂದಳು ಬಿಂದು. ಹೆಸರು ಓದದಿದ್ದರೂ ಅವಳಿಗೆ ಗೊತ್ತಾಗಿತ್ತು. "ಸೋಮವಾರ ಕರೀರಿ. ಮಾತಾಡಿಸಿಯೇ ನೋಡ್ತೇನೆ."

ಸೋಮವಾರ ಐರಿನ್ ಬಂದಳು. ಬಿಂದು ಅವಳ ಕೈಗೆ ಫೋನ್ ಕೊಟ್ಟಳು. ಆಚೆ ಕಡೆ ಒಂದು ಸಣ್ಣ ಆಸ್ಪತ್ರೆಯ ಕೌಂಟರಿನ ಹೆಂಗಸು. ಬೆಳಗಿನಿಂದ ಚೀಟಿ ಪ್ರಿಂಟ್ ಆಗುತ್ತಿಲ್ಲವೆಂದು ಕೆಂಡವಾಗಿದ್ದಳು. ಐರಿನ್ನಿಗೆ ನಮ್ಮ ತಂತ್ರಾಂಶದ ಗಂಧವೇ ಇರಲಿಲ್ಲ. ಬಿಂದು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ್ದನ್ನು ಅವಳು ನಮ್ಮ ಊರಿನ ಮಲಯಾಳಂನಲ್ಲಿ ಹೇಳುತ್ತ ಹೋದಳು. ಮೊದಲು, ನಿಮ್ಮ ಎದುರು ಸಾಲು ದೊಡ್ಡದಿದೆಯಾ, ಯಾರಾದರೂ ಬೈದರಾ ಎಂದು ಕೇಳಿದಳು. ಬೈದದ್ದನ್ನೆಲ್ಲ ಆ ಹೆಂಗಸು ಹೇಳಿ ಮುಗಿಸುವ ತನಕ ಹೂಂ ಹೂಂ ಎನ್ನುತ್ತಿದ್ದಳು. ಆಮೇಲೆ ಒಂದೊಂದೇ ಗುಂಡಿ ಒತ್ತಿಸಿದಳು. ಚೀಟಿ ಬಂತು. ಬಿಂದು ಫೋನ್ ತಿರುಗಿ ತೆಗೆದುಕೊಂಡಾಗ ಆ ಹೆಂಗಸು, "ಆ ಕುಟ್ಟಿ ಎವಿಡತ್ತೆಯಾ? ಸಂಸಾರಂ ಕೇಳ್ಕಾನ್ ನಲ್ಲ ರಸಂ" ಎನ್ನುವುದು ನಮಗೆಲ್ಲ ಕೇಳಿಸಿತು. ಆ ಹುಡುಗಿ ಎಲ್ಲಿಯವಳು, ಮಾತು ಕೇಳಲು ಬಲು ಚಂದ ಎಂದು. ಬಿಂದು ಕಂಪ್ಯೂಟರ್ ಮುಂದೆ ಕೂತು ತಾನು ಹಾಕಿದ್ದ ಮಾರ್ಕನ್ನು ತಾನೇ ಅಳಿಸಿದಳು. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಖುಷಿ ಕೊಟ್ಟ ಬೇರೊಂದು ಗಳಿಗೆ ನೆನಪಿಗೆ ಬರುವುದಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಐರಿನ್ ನನ್ನ ಬಳಿ ಬಂದು, ಪ್ರತಿ ತಿಂಗಳೂ ಒಂದು ದಿನ ರಜೆ ಬೇಕೆಂದು ಕನ್ನಡದಲ್ಲಿ ಕೇಳಿದಳು.

"ಎಂತಕ್ಕೆ?"

"ಅಮ್ಮನಿಗೆ ಇಲ್ಲಿ ಆಸ್ಪತ್ರೆಯಲ್ಲಿ ಟ್ರೀಟ್‌ಮೆಂಟ್ ನಡೀತಾ ಉಂಟು ಮೇಡಂ. ಕರ್ಕೊಂಡು ಹೋಗ್ಬೇಕು. ಮನೇಲಿ ನಾವಿಬ್ರೇ."

ಆಗ ನನಗೆ ಎಲ್ಲ ಒಟ್ಟಿಗೆ ತಿಳಿಯಿತು. ತಿರುವನಂತಪುರದಲ್ಲಿ ಮಾತ್ರ ಎಂದದ್ದು, ಬೆಂಗಳೂರು ಬಿಟ್ಟದ್ದು, ಆಸ್ಪತ್ರೆಯ ಸಾಲು. ಕೆಲಸ ಸಿಗದಿದ್ದರೆ ಆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕಾಗಿತ್ತು ಅವಳು. ಅದೊಂದು ಸಾಲು ಬರೆದಿದ್ದರೆ ನಮ್ಮಲ್ಲಿ ಯಾರಿಗೂ ಎದೆ ಕರಗದೆ ಇರುತ್ತಿರಲಿಲ್ಲ.

"ಯಾಕೆ ಮಾರಾಯ್ತಿ ಇದನ್ನು ಬರೀಲಿಲ್ಲ ನೀನು?"

"ಅದು ಅಮ್ಮನ ವಿಷಯ ಅಲ್ವಾ ಮೇಡಂ," ಅಂದಳು. "ಇಂಟರ್‌ವ್ಯೂ ನಂದು." ನನಗೆ ಕುರಿಯನ್ ಸಾರ್ ನೆನಪಾದರು, ರಾಜನ್ ನೆನಪಾದ.

ನಾನು ನಿವೃತ್ತಳಾದ ಮೇಲೆ ಒಂದು ದಿನ ಅವಳ ಫೋನ್ ಬಂತು. ಅಮ್ಮನನ್ನು ಆಸ್ಪತ್ರೆಗೆ ಕರೆತಂದಿದ್ದಳು, ಆಫೀಸಿನಲ್ಲಿ ಏನೋ ತುರ್ತಾಗಿತ್ತು, ಮಧ್ಯಾಹ್ನದ ತನಕ ಅಮ್ಮನ ಜೊತೆ ಕೂರಲು ಆಗುತ್ತದಾ ಎಂದು ಕೇಳಿದಳು. ಹೋದೆ. ಕಾಯುವ ಕೋಣೆಯ ಬೆಂಚಿನಲ್ಲಿ, ತಲೆಗೆ ಬಣ್ಣದ ಸ್ಕಾರ್ಫ್ ಕಟ್ಟಿಕೊಂಡು, ಸಣ್ಣಗೆ ನೆಟ್ಟಗೆ ಕೂತಿದ್ದರು ಆಕೆ. ಊರಿನ ಸುದ್ದಿ ಆಯಿತು, ಮಳೆಯ ಸುದ್ದಿ ಆಯಿತು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು ಕೇಳ್ಲಿಕ್ಕುಂಟು ನಿಮ್ಮಲ್ಲಿ. ನಿಜ ಹೇಳ್ಬೇಕು" ಅಂದರು.

"ಕೇಳಿ."

"ನಮ್ಮ ಐರಿನ್ನಿಗೆ ಬಾಯಿ ಇಲ್ಲ. ನಾಲ್ಕು ಜನರ ಎದುರು ಮಾತು ಬರುದಿಲ್ಲ ಅದಕ್ಕೆ. ಆದ್ರೂ ಕೆಲಸ ಸಿಕ್ಕಿತು. ಅವಳು ನನ್ನ ಸೀಕಿನ ವಿಷಯ ಹೇಳಿ ಕೇಳಿದ್ದಾ?"

ಈ ಪ್ರಶ್ನೆಯನ್ನು ಅವರು ಅಷ್ಟೂ ಕಾಲ ಒಳಗೇ ಇಟ್ಟುಕೊಂಡು ಕೂತಿದ್ದರು ಎಂದು ಅವರ ಮುಖದಲ್ಲೇ ಕಾಣುತ್ತಿತ್ತು. ಮಗಳಲ್ಲಿ ಕೇಳಲು ಧೈರ್ಯ ಬಂದಿರಲಿಲ್ಲ. ನಾನು ಎಷ್ಟೋ ಜನರಿಗೆ, ಎಷ್ಟೋ ಪ್ರಶ್ನೆಗೆ, ನಯವಾದ ಉತ್ತರ ಕೊಟ್ಟವಳು. ಅಂದು ನಯ ಬೇಕಾಗಲಿಲ್ಲ.

"ಇಲ್ಲ," ಅಂದೆ. "ಅವಳ ಪತ್ರ ಓದಿದ್ದು ನಾನೇ. ನಿಮ್ಮ ಬಗ್ಗೆ ಒಂದಕ್ಷರ ಇರ್ಲಿಲ್ಲ. ನೀವು ಈ ಊರಲ್ಲಿ ಇದ್ದೀರಿ ಅಂತಲೇ ನಮಗೆ ಗೊತ್ತಿರ್ಲಿಲ್ಲ."

ಅವರು ನನ್ನ ಮುಖವನ್ನು ಹಾಗೆಯೇ ನೋಡಿದರು. ಎರಡೂ ಕೈಯಲ್ಲಿ ಸ್ಕಾರ್ಫ್ ಸರಿಮಾಡಿಕೊಂಡರು.

"ಹಾಗಾದ್ರೆ ಅದು ಅವಳದ್ದೇ ಕೆಲಸ," ಅಂದರು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಬೆಳಗಿನಿಂದ ಮುಟ್ಟದೆ ಇಟ್ಟಿದ್ದ ಇಡ್ಲಿಯನ್ನು ಮುರಿದು ತಿನ್ನತೊಡಗಿದರು.